ನಿಮ್ಮ ಆನ್‌ಲೈನ್ ಪಾಠದ ಏಕೈಕ ಫಲಾನುಭವಿಯ ತಕರಾರು

ನಮ್ಮ ತಾಲ್ಲೂಕಿನ ಶಾಲೆಗಳನ್ನು ನಿಧಾನವಾಗಿ ತೆರೆದು ಬೇಗನೆ ಮುಚ್ಚುವ ಮಾನ್ಯ ಶಿಕ್ಷಣಾಧಿಕಾರಿಗಳೇ,

ನಮ್ಮೂರಿನ ಶಾಲೆಯನ್ನು ತೆರೆದ ಹದಿನಾರನೆಯ ದಿನಕ್ಕೆ ಮತ್ತೆ ಮುಚ್ಚಿಸಿದ್ದೀರಿ. ಸೋಮವಾರದಿಂದ ಪಾಠ ಮತ್ತೆ ಫೋನಿನಲ್ಲಿ ಎಂದು ಆದೇಶ ಬಂದಿದೆ. ಆ ಆದೇಶವನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಕೇಳಲು ಈ ಪತ್ರ. ಕೇಳಲು ನಿನಗೇನು ಹಕ್ಕಿದೆ ಎನ್ನುತ್ತೀರಾ? ಇದೆ. ಹೋದ ವರ್ಷವಿಡೀ ನೀವು ನಡೆಸಿದ ಆನ್‌ಲೈನ್ ಪಾಠದಿಂದ ನಮ್ಮ ಓಣಿಯಲ್ಲಿ ಒಬ್ಬರಿಗೆ, ಒಬ್ಬರಿಗೇ, ಪೂರ್ತಿ ವಿದ್ಯೆ ಬಂದಿದೆ. ಆ ಒಬ್ಬಳು ನಾನು. ನನಗೆ ಇಪ್ಪತ್ತು ವರ್ಷ. ನಿಮ್ಮ ಯಾವ ಶಾಲೆಯ ಹಾಜರಿ ಪುಸ್ತಕದಲ್ಲೂ ನನ್ನ ಹೆಸರಿಲ್ಲ.

ನಗುವುದಾದರೆ ನಗಿ. ನಾನೂ ಇಷ್ಟು ಬರೆಯುವುದರೊಳಗೆ ಮೂರು ಸಲ ಪೆನ್ನು ಕೆಳಗಿಟ್ಟು ನಕ್ಕಿದ್ದೇನೆ. ಅವ್ವ "ಏನಾಗ್ಯದ ಇಕಿಗಿ?" ಎಂದು ಹಣೆ ಮುಟ್ಟಿ ನೋಡಿ ಹೋಗಿದ್ದಾಳೆ. ಎದುರಿಗೆ ಯಾರಾದರೂ ಇದ್ದರೆ ನನ್ನ ಬಾಯಿಂದ ಒಂದು ಮಾತು ಹೊರಡುವುದಿಲ್ಲ. ಕಾಗದದ ಎದುರು ಮಾತ್ರ ನನಗೆ ಇಷ್ಟು ಧೈರ್ಯ.

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಮ್ಮ ಸರ್‌ಗೆ ನೋಟಿಸು ಬರುತ್ತದೆ, ಅವರು ಒಳ್ಳೆಯವರು. ಶಹಾಪುರ ತಾಲ್ಲೂಕಿನಲ್ಲಿ, ಸಗರದ ಆಚೆ, ಕಾಲುವೆಯ ಮಗ್ಗುಲಿಗಿರುವ ಊರು ಎಂದರೆ ಸಾಕು. ಹುಡುಕುತ್ತ ಹೊರಟರೆ ನಿಮಗೂ ಸ್ವಲ್ಪ ಹೊರಗಿನ ಗಾಳಿ ಸಿಗುತ್ತದೆ. ನಾನು ಓದುವಾಗ ಇಲ್ಲಿ ಐದರವರೆಗೆ ಮಾತ್ರ ಇತ್ತು. ಆರಕ್ಕೆ ಕಾಲುವೆ ದಾಟಿ ಬೇರೆ ಊರಿಗೆ ಹೋಗಬೇಕು. ಗೊತ್ತಿಲ್ಲದ ಮಕ್ಕಳ ನಡುವೆ ಎದ್ದು ನಿಂತು "ಹಾಜರ್ ಸರ್" ಎನ್ನುವುದನ್ನು ನೆನೆಸಿಕೊಂಡೇ ಹೋಗುವುದಿಲ್ಲ ಎಂದೆ. ಹೋಗು ಎಂದು ಮನೆಯಲ್ಲಿ ಯಾರೂ ಅನ್ನಲಿಲ್ಲ, ಹೊಲಕ್ಕೆ ಕೈ ಬೇಕಿತ್ತು. ಹೀಗೆ ನನ್ನ ವಿದ್ಯಾಭ್ಯಾಸ ಯಾವ ಗಲಾಟೆಯೂ ಇಲ್ಲದೆ ಮುಗಿಯಿತು. ಎರಡು ವರ್ಷದ ಮೇಲೆ ನಮ್ಮೂರಲ್ಲೇ ಆರು, ಏಳು ಶುರುವಾದವು. ಅಷ್ಟರಲ್ಲಿ ನಾನು ಮೆಣಸಿನಕಾಯಿ ಬಿಡಿಸುವುದರಲ್ಲಿ ಪರಿಣತಳಾಗಿದ್ದೆ.

ರೋಗ ಬಂತು, ಶಾಲೆ ಮುಚ್ಚಿತು, ಪಾಠ ಫೋನಿಗೆ ಬಂತು. ಓಣಿಯಲ್ಲಿ ಆರನೆಯ ತರಗತಿಯ ಮಕ್ಕಳು ಎಂಟು, ಇಡೀ ತರಗತಿಯೇ ಅಷ್ಟು. ಪಾಠ ಕಾಣುವಂಥ ಫೋನು ಒಂದು, ಅದು ನನ್ನದು. ಒಮ್ಮೆ ನೀರಿನ ಕೊಡದಲ್ಲಿ ಬಿದ್ದೆದ್ದ ಮೇಲೆ ಅದು ಹೊರಗೆ ದನಿ ಬಿಡುವುದನ್ನು ನಿಲ್ಲಿಸಿತ್ತು, ಕಿವಿಗೆ ವೈರು ಹಾಕಿಕೊಂಡರೆ ಮಾತ್ರ ಕೇಳುತ್ತದೆ. ಸಿಗ್ನಲ್ಲು ಮನೆಯಲ್ಲಿ ಇಲ್ಲ, ಕಾಲುವೆಯ ಏರಿಯ ಮೇಲೆ, ಗೇಟಿನ ಕಟ್ಟೆಯ ಹತ್ತಿರ ಮಾತ್ರ. ಅಲ್ಲಿನ ಬಿಸಿಲಿಗೆ ಪರದೆ ಕಾಣದು, ತಲೆಯ ಮೇಲೆ ಕೌದಿ ಹೊದ್ದುಕೊಳ್ಳಬೇಕು. ಕೌದಿಯೊಳಗೆ ಹಿಡಿಸುವುದು ಇಬ್ಬರು. ಒಬ್ಬಳು ನಾನು, ಏಕೆಂದರೆ ಮಕ್ಕಳ ಕೈಗೆ ಕೊಟ್ಟು ಫೋನನ್ನು ಕಾಲುವೆಗೆ ಅರ್ಪಿಸುವ ಮನಸ್ಸು ನನಗಿರಲಿಲ್ಲ. ವೈರಿನ ಒಂದು ತುದಿ ನನ್ನ ಕಿವಿಗೆ, ಇನ್ನೊಂದು ಒಂದು ಮಗುವಿನ ಕಿವಿಗೆ. ಉಳಿದ ಏಳು ಮಕ್ಕಳು?

ಅದಕ್ಕೆ ದಾರಿ ಹುಡುಕಿದವನು ತಾಯಪ್ಪ ಕಾಕಾ. ನಮ್ಮ ಕಡೆಯ ಕಾಲುವೆ ಗೇಟು ನೋಡಿಕೊಳ್ಳುವವನು, ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂದು ಪಾಳಿ ಹಚ್ಚುವವನು. ಅವನ ಕೈಗಡಿಯಾರದ ಮುಂದೆ ಜಗಳಗಂಟರೂ ತೆಪ್ಪಗಾಗುತ್ತಾರೆ. ಮಕ್ಕಳು ಕೌದಿಗಾಗಿ ಕಿತ್ತಾಡುವುದನ್ನು ಎರಡು ದಿನ ನೋಡಿದ, ಮೂರನೆಯ ದಿನ ತೀರ್ಪು ಕೊಟ್ಟ.

"ನೀರಿಗಿ ಹೆಂಗ ಪಾಳಿ ಅದನೋ, ಪಾಠಕ್ಕೂ ಹಂಗ ಪಾಳಿ. ನಲವತ್ತು ನಿಮಿಷ, ಎಂಟು ಮಂದಿ. ಒಬ್ಬರಿಗಿ ಐದು ನಿಮಿಷ. ಐದಂದ್ರ ಐದ. ಆಮ್ಯಾಲ ಗೇಟ್ ಬಂದ್!"

ಊರೆಲ್ಲ ಒಪ್ಪಿತು. ನ್ಯಾಯವೆಂದರೆ ಇದು ಎಂದರು. ನನಗೂ ಹಾಗೆಯೇ ಅನ್ನಿಸಿತು. ಕಾಲುವೆ ಬಂದಾಗಿನಿಂದ ನಿಮಿಷ ಎಣಿಸಿ ನೀರು ಹಂಚಿಕೊಂಡವರು ನಾವು. ಪಾಲು ಮಾಡಿದರೆ ಯಾರಿಗೂ ಸಿಗದೆ ಹೋಗುವ ವಸ್ತುವೊಂದು ಲೋಕದಲ್ಲಿದೆ ಎಂದು ನಮಗೆ ಹೇಗೆ ಗೊತ್ತಾಗಬೇಕು?

ಒಂದೇ ವಾರದಲ್ಲಿ ತಕರಾರು ಎದ್ದಿತು. ಭಾಗಮ್ಮನ ಪಾಳಿ ಎಲ್ಲರಿಗಿಂತ ಕೊನೆಗೆ. ಅವಳ ಅವ್ವ ಹಂಪಮ್ಮ ಏರಿ ಹತ್ತಿ ಬಂದಳು.

"ಏನ್ ಕಾಕಾ, ಕಾಲುವಿ ಕಡೀ ಹೊಲದವರ ಗತಿ ಆತಲ್ಲ ನಮ್ದು! ಮ್ಯಾಲಿನವ್ರು ಪಾಠ ಎಲ್ಲಾ ಕುಡದ್ ಬಿಡ್ತಾರ. ನನ್ನ ಮಗಳಿಗಿ ದಿನಾ ಬರೇ 'ಥ್ಯಾಂಕ್ಯೂ ಸರ್' ಅಷ್ಟ ಸಿಗಾಕತ್ತದ!"

"ಅದೂ ಪಾಠನ ಅಲ್ಲೇನ ಹಂಪಮ್ಮ? ಮರ್ಯಾದಿ ಕಲೀತಾಳ."

"ಮರ್ಯಾದಿ ನಾ ಮನ್ಯಾಗ ಕಲಸ್ತೀನಿ. ನೀ ಅಕಿಗಿ ಲೆಕ್ಕ ಕೊಡಸು!"

ಕಾಕಾ ನ್ಯಾಯಸ್ಥ. ಮರುದಿನದಿಂದ ಪಾಳಿಯನ್ನು ದಿನಕ್ಕೊಂದು ಸ್ಥಾನ ಸರಿಸಿದ. ಅಲ್ಲಿಯವರೆಗೆ ಮೊದಲ ಪಾಳಿಯ ಅಯ್ಯಣ್ಣನಿಗೆ ಎಲ್ಲ ಪಾಠದ ತಲೆಯಾದರೂ ಗೊತ್ತಿತ್ತು, ಭಾಗಮ್ಮನಿಗೆ ಬಾಲವಾದರೂ ಗೊತ್ತಿತ್ತು. ಈಗ ಅದೂ ಹೋಯಿತು. ಭಿನ್ನರಾಶಿಯ ದಿನ ಸೂಗಪ್ಪನಿಗೆ ಮೇಲಿನ ಅಂಕಿ ಸಿಕ್ಕಿತು, ಭಾಗಮ್ಮನಿಗೆ ಕೆಳಗಿನ ಅಂಕಿ ಸಿಕ್ಕಿತು. ನಡುವಿನ ಗೆರೆ ಯಾಕಿದೆ ಎಂದು ಸರ್ ಹೇಳುವಾಗ ಗಾಳಿ ಬೀಸಿ ಕೌದಿ ಹಾರಿ ಪಾಳಿಯ ಮಗು ಅದರ ಹಿಂದೆ ಓಡಿತ್ತು, ಆ ಮಾತು ಯಾವ ಮಗುವಿಗೂ ಸಿಗಲಿಲ್ಲ. ಆದರೂ ಐದು ನಿಮಿಷಕ್ಕೆ ಅರ್ಧ ನಿಮಿಷವೂ ಹೆಚ್ಚು ಕಡಿಮೆ ಆಗಲಿಲ್ಲ ಮಾನ್ಯರೇ. ಇಷ್ಟು ಪ್ರಾಮಾಣಿಕವಾಗಿ ಹಾಳಾದ ಪಾಠವನ್ನು ನೀವು ಬೇರೆಲ್ಲೂ ಕಾಣಲಾರಿರಿ.

ಎಂಟೂ ಪಾಳಿಯಲ್ಲಿ ಕೌದಿಯೊಳಗೆ ಇದ್ದವಳು ನಾನೊಬ್ಬಳೇ. ತಲೆ, ಬಾಲ, ನಡು, ಎಲ್ಲವೂ ನನಗೆ ಸಿಕ್ಕಿದವು. ನನಗೆ ಏನಾಯಿತೆಂದು ಹೇಗೆ ಹೇಳಲಿ? ಮೂರರಲ್ಲಿ ಎರಡು ಮತ್ತು ಆರರಲ್ಲಿ ನಾಲ್ಕು ಒಂದೇ ಎಂದು ತಿಳಿದ ದಿನ ಹತ್ತಿ ಹೊಲದಲ್ಲಿ ಕಳೆ ಕೀಳುತ್ತ ಸಾಲುಗಳನ್ನು ಆರಾರಾಗಿ ಎಣಿಸಿ ಒಬ್ಬಳೇ ನಕ್ಕೆ. ಭೂಮಿ ಒಂದು ಕಡೆ ವಾಲಿಕೊಂಡೇ ತಿರುಗುತ್ತದಂತೆ! ಇಷ್ಟು ವರ್ಷ ಇದರ ಮೇಲೆ ಬುಟ್ಟಿ ಹೊತ್ತು ಓಡಾಡಿದ್ದೇನೆ, ನನಗೊಂದು ಮಾತು ಯಾರೂ ಹೇಳಿರಲಿಲ್ಲ. ಸರ್ ಪ್ರಶ್ನೆ ಕೇಳಿದಾಗ ಪಾಳಿಯ ಮಗು ನನ್ನ ಮುಖ ನೋಡುತ್ತಿತ್ತು. ನಾನು ಆ ಮಗುವಿನ ಹೆಸರು ಹಾಕಿ ಉತ್ತರವನ್ನು ಒತ್ತಿ ಕಳಿಸುತ್ತಿದ್ದೆ. ಎದ್ದು ನಿಲ್ಲಬೇಕಾಗಿಲ್ಲ, ದನಿ ನಡುಗುವುದಿಲ್ಲ, ಯಾರೂ ನನ್ನನ್ನು ನೋಡುವುದಿಲ್ಲ. "ಭೇಷ್ ಅಯ್ಯಣ್ಣ!" ಎನ್ನುತ್ತಿದ್ದರು ಸರ್. ಮರುದಿನ "ಭೇಷ್ ಭಾಗಮ್ಮ!" ಕೌದಿಯೊಳಗೆ ನಾನು ಬೆವರುತ್ತ ಅರಳುತ್ತಿದ್ದೆ.

ವರ್ಷದ ಕೊನೆಗೆ ನಿಮ್ಮ ಕಚೇರಿಯಿಂದ ಮೆಚ್ಚುಗೆಯ ಕಾಗದ ಬಂತು. ಹಾಜರಿ ನೂರಕ್ಕೆ ನೂರು, ಕಲಿಕೆ ನೂರಕ್ಕೆ ನೂರು. ಎಂಟು ಮಕ್ಕಳನ್ನೂ ಏಳಕ್ಕೆ ಹತ್ತಿಸಿದಿರಿ. ಆ ನೂರು ನಾನೇ ಎಂದು ಹೇಳಿಕೊಳ್ಳಲು ನಾಚಿಕೆಯಾಗಿ ಸುಮ್ಮನಿದ್ದೆ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಆಮೇಲೆ ಶಾಲೆ ತೆರೆಯಿತು. ಮೂಗು ಬಾಯಿ ಮುಚ್ಚಿಕೊಳ್ಳಬೇಕೆಂಬ ನಿಯಮ ಇತ್ತಲ್ಲ, ನನ್ನಂಥವಳಿಗೆ ಅದಕ್ಕಿಂತ ಸುಖದ ನಿಯಮವಿಲ್ಲ. ಮುಖ ಮುಚ್ಚಿಕೊಂಡು ಹೋಗಿ ಏಳನೆಯ ತರಗತಿಯ ಕಿಟಕಿಯಲ್ಲಿ ನಿಂತೆ. ಸರ್ ಹಳೆಯ ಪಾಠದಿಂದ ಶುರು ಮಾಡಿದರು.

"ಅಯ್ಯಣ್ಣ, ನೀ ಹೇಳಪಾ. ಗಿಡ ತನ್ನ ಊಟ ಹೆಂಗ ಮಾಡ್ಕೊಂತದ?"

"ಬೇರು ನೀರು ಹೀರ್ತದ್ರಿ ಸರ್."

"ಭೇಷ್. ಮುಂದ?"

"ಮುಂದಿಂದು ನಂದಲ್ರಿ. ಸೂಗಪ್ಪಂದು."

ಸೂಗಪ್ಪ ಎದ್ದ. "ಎಲಿ ಗಾಳಿ ತಗೋತದ್ರಿ" ಎಂದು ಕುಳಿತ. ಭಾಗಮ್ಮ ಎದ್ದಳು. "ಬಿಸಲು ಬೀಳ್ತದ್ರಿ" ಎಂದು ಕುಳಿತಳು. ಆಮೇಲೆ ಯಾರೂ ಏಳಲಿಲ್ಲ.

"ಮುಂದ ಏನು? ಯಾಕ ಸುಮ್ಮ ಕುಂತ್ರಿ?"

"ಲಾಲಮ್ಮ ಇವತ್ತ ಬಂದಿಲ್ರಿ ಸರ್," ಎಂದ ಅಯ್ಯಣ್ಣ. "ಹಸರು ಬಣ್ಣ ಅಕಿ ಬಲ್ಲಿ ಅದ."

ಸರ್ ಸೀಮೆಸುಣ್ಣ ಕೆಳಗಿಟ್ಟರು. "ಮತ್ತ ವರ್ಷ ಪೂರ್ತಿ ನನಗ ಉತ್ತರ ಕಳಸಿದವರು ಯಾರು?" ಏಳು ಬೆರಳು ಕಿಟಕಿಯ ಕಡೆ ತಿರುಗಿದವು. "ಮಾನಕ್ಕ!" ನಾನು ಒಂದು ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ.

ಸಂಜೆ ಸರ್ ಮನೆಗೆ ಬಂದರು. ಹಿಂದೆ ನನ್ನ ಚಪ್ಪಲಿ ಹಿಡಿದುಕೊಂಡು ಅಯ್ಯಣ್ಣ.

"ನಮ್ಮ ಅಯ್ಯಣ್ಣ ನೀನ ಏನವಾ?"

"ಹೌದ್ರಿ ಸರ್." ಬಾಗಿಲ ಹಿಂದಿನಿಂದ ಹೇಳಿದೆ.

"ಭಾಗಮ್ಮನೂ?"

"ನಾನ ರೀ."

"ಸೂಗಪ್ಪ?"

"ತಪ್ಪಾಯ್ತ್ರಿ ಸರ್."

"ತಪ್ಪಲ್ಲ ತಂಗಿ. ಎಂಟು ಮಂದಿ ಶಾಣ್ಯಾರು ಸಿಕ್ಕಾರಂತ ವರ್ಷ ಪೂರ್ತಿ ಚೊಲೋ ನಿದ್ದಿ ಮಾಡೀನಿ." ಅವರು ಜೋರಾಗಿ ನಕ್ಕರು, ಆಮೇಲೆ ನಗು ನಿಂತುಹೋಯಿತು. "ಹಂಗಾದ್ರ ಆ ಎಂಟು ಮಂದಿಗಿ ಏನೂ ಬಂದಿಲ್ಲ." ಹೋಗುವಾಗ ತಿರುಗಿ ನಿಂತರು. "ನೀನೂ ಬಂದು ಹಿಂದ ಕೂಡು ಅಂತೀನಿ. ಆದ್ರ ಸಾಹೇಬರು ಬಂದು ಇಕಿ ಯಾರಂತ ಕೇಳಿದ್ರ ಏನ್ ಹೇಳ್ಲಿ?"

ನಾನು ಹೋಗಲಿಲ್ಲ. ಶಾಲೆ ತೆರೆದದ್ದರಿಂದ ನನ್ನೊಬ್ಬಳ ಶಾಲೆ ಮುಚ್ಚಿತು.

ಆದರೆ ಆ ಹದಿನಾರು ದಿನ ನೀವು ನೋಡಬೇಕಿತ್ತು! ಸರ್ ಬೇವಿನ ಟೊಂಗೆಯೊಂದನ್ನು ತಂದು ಮಕ್ಕಳ ನಡುವೆ ಹಿಡಿದರಂತೆ. ಎಂಟು ಮಂದಿ ನೋಡಿದರು, ಎಂಟು ಮಂದಿಗೂ ಪೂರ್ತಿ ಎಲೆ ಕಂಡಿತು, ಎಲೆ ಒಂದು ಚೂರೂ ಕಡಿಮೆಯಾಗಲಿಲ್ಲ. ಕಪ್ಪು ಹಲಗೆಯನ್ನು ಎಷ್ಟು ಮಂದಿ ನೋಡಿದರೂ ಅದು ಪಾಲಾಗುವುದಿಲ್ಲ ಎಂಬುದನ್ನು ಕೇಳಿ ತಾಯಪ್ಪ ಕಾಕಾ ಗಡಿಯಾರ ಬಿಚ್ಚಿ ಕಿಸೆಗೆ ಹಾಕಿಕೊಂಡ. ಭಾಗಮ್ಮ ಒಂದು ಸಂಜೆ ನಮ್ಮ ಗೋಡೆಯ ಮೇಲೆ ಇದ್ದಿಲಿನಿಂದ ಭಿನ್ನರಾಶಿ ಬರೆದು, ನಡುವಿನ ಗೆರೆಯ ಮೇಲೆ ಬೆರಳಿಟ್ಟು, "ಮಾನಕ್ಕ, ಇದು ಯಾಕದ ಹೇಳು ನೋಡೂನು" ಎಂದಳು. ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದೆ. ಅವಳು ಹೇಳಿಕೊಟ್ಟಳು. ಅಷ್ಟು ಚಂದ ಸರ್ ಕೂಡ ಹೇಳಿರಲಿಲ್ಲ.

ರೋಗ ಸುಳ್ಳು ಎಂದು ನಾನು ಹೇಳುವುದಿಲ್ಲ. ಶಾಲೆಯಲ್ಲಿ ಬಿಸಿಯೂಟ ಮಾಡುವ ಅನ್ವರಬಿ ಚಿಕ್ಕಮ್ಮ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಬಂದವರು. ಈಗಲೂ ನಾಲ್ಕು ಹೆಜ್ಜೆ ನಡೆದರೆ ಕೂತು ದಮ್ಮು ತೆಗೆದುಕೊಳ್ಳುತ್ತಾರೆ. ಅವರನ್ನೇ ಕೇಳಿದೆ, ಶಾಲೆ ಮುಚ್ಚಿದ್ದು ಸರಿಯೇ ಎಂದು.

"ಅರೆ ಬೇಟಿ, ಸಾಲಿ ಮುಚ್ಚಿದ್ರ ಹುಡುಗ್ರು ಮನ್ಯಾಗ ಕುಂಡ್ರತಾವೇನ? ನಾಳಿಂದ ನೋಡು, ಟಂಟಂನ್ಯಾಗ ಕಾಯಿ ತುಂಬಿದಂಗ ತುಂಬ್ಕೊಂಡು ಮೆಣಸಿನಕಾಯಿ ಬಿಡಸಾಕ ಹೊಂಟ ಬಿಡ್ತಾವ."

ಹಾಗೆಯೇ ಆಯಿತು. ಹುಣಸಗಿ ಕಡೆಗೆ ಹೋಗುವ ಟಂಟಂ ಆಟೋದಲ್ಲಿ ಇಪ್ಪತ್ತು ಹೆಂಗಸರ ತೊಡೆಯ ಮೇಲೆ ಎಂಟು ಮಕ್ಕಳು. ನಾಲ್ಕು ಕಿಟಕಿಯ ಶಾಲೆಯಲ್ಲಿ ದೂರ ದೂರ ಕೂತರೆ ಹಿಡಿಯುವ ರೋಗ ಟಂಟಂನಲ್ಲಿ ಹಿಡಿಯುವುದಿಲ್ಲವೇ? ಸಂತೆಗೆ ಬಾರದ, ಮದುವೆಗೆ ಬಾರದ, ಸಭೆಗೆ ಬಾರದ ರೋಗ ಏಳನೆಯ ತರಗತಿಯ ಬಾಗಿಲಲ್ಲೇ ಕಾದು ಕೂತಿದೆಯೇ? ಅದಕ್ಕೂ ಓದಿನ ಮೇಲೆ ನನ್ನಷ್ಟೇ ಆಸೆಯೇ?

ನಿಮ್ಮ ಆದೇಶ ಬಂದ ದಿನ ಹಂಪಮ್ಮ ಓಣಿಗೆಲ್ಲ ಕೇಳುವಂತೆ ಕೂಗಿದಳು. "ಏ ಮಾನಮ್ಮ, ನಿನ್ನ ಸಾಲಿ ತೆಗೀತಲ್ಲ! ಪೇಡೆ ಹಂಚು!" ಸುಳ್ಳು ಹೇಳುವುದಿಲ್ಲ ಮಾನ್ಯರೇ, ಒಂದು ಕ್ಷಣ ನನ್ನ ಎದೆ ಕುಣಿಯಿತು. ಸೋಮವಾರದ ಲೆಕ್ಕದಲ್ಲಿ ಹೊಸ ಪಾಠ. ಅದರಲ್ಲಿ ಎಕ್ಸ್ ಎಂಬುದೊಂದು ಬರುತ್ತದೆ. ಅದು ಎಷ್ಟೆಂದು ಯಾರಿಗೂ ಗೊತ್ತಿಲ್ಲದಿದ್ದರೂ ಅದನ್ನು ಲೆಕ್ಕಕ್ಕೆ ಹಿಡಿಯಬಹುದಂತೆ! ನನಗೆ ಅದರ ಮೇಲೆ ಈಗಲೇ ಪ್ರೀತಿ. ಕೌದಿ ತೆಗೆದು ಒಗೆದು ಏರಿಯ ಮೇಲೆ ಹರವಿಯೂ ಬಂದೆ. ಮರುದಿನ ಸಂಜೆ ಭಾಗಮ್ಮ ಹೊಲದಿಂದ ಬಂದಳು. ಖಾರ ಹತ್ತಿದ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಕೇಳಿದಳು. "ಮಾನಕ್ಕ, ನಾಡದ್ ಸೋಮಾರ ನನ್ನ ಐದು ನಿಮಿಷ ಯಾವಾಗ?"

ಅವಳಿಗೆ ಕೊಡಬೇಕಾದ ಉತ್ತರವನ್ನು ನಿಮಗೆ ಕೊಡುತ್ತಿದ್ದೇನೆ.

ಸೋಮವಾರದಿಂದ ನಾನು ಫೋನು ಹಿಡಿಯುವುದಿಲ್ಲ. ನಮ್ಮ ಓಣಿಯಲ್ಲಿ ನಿಮ್ಮ ಆನ್‌ಲೈನ್ ಪಾಠಕ್ಕೆ ಇರುವ ಒಂದೇ ಕೈ ನನ್ನದು, ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಿಮ್ಮ ಕಾಗದದಲ್ಲಿ ನೂರಿದ್ದಲ್ಲಿ ಸೊನ್ನೆ ಬರುತ್ತದೆ, ಕ್ಷಮಿಸಿ. ನನ್ನ ಎಕ್ಸ್ ಕೂಡ ಹೋಗುತ್ತದೆ. ಅದನ್ನು ಬರೆಯುವಾಗ ನಗು ಬರಲಿಲ್ಲ. ಎಂಟು ಮಕ್ಕಳು ಸೋಮವಾರ ಹತ್ತು ಗಂಟೆಗೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಕೈ ತೊಳೆದುಕೊಂಡು ಶಾಲೆಯ ಕಟ್ಟೆಯ ಮೇಲೆ ಆರಾರು ಅಡಿ ದೂರ ಕೂರುತ್ತಾರೆ. ಸರ್‌ಗೆ ನಾವು ಏನೂ ಹೇಳಿಲ್ಲ, ಅವರಾಗಿಯೇ ಆ ದಾರಿಯಲ್ಲಿ ಹಾದುಹೋದರೆ ತಪ್ಪು ಅವರದಲ್ಲ.

ನನ್ನ ಬೇಡಿಕೆ ಒಂದೇ, ಶಾಲೆ ತೆರೆಯಿರಿ. ಇನ್ನೊಂದು ಇದೆ, ಅದು ಬೇಡಿಕೆಯಲ್ಲ, ವಿಚಾರಣೆ. ಐದು ಪಾಸಾದ ಇಪ್ಪತ್ತು ವರ್ಷದವಳು ಏಳನೆಯ ತರಗತಿಯ ಹಿಂದಿನ ಸಾಲಿನಲ್ಲಿ ಕೂರಬಹುದೆಂದು ನಿಮ್ಮ ನಿಯಮದಲ್ಲಿ ಎಲ್ಲಾದರೂ ಬರೆದಿದೆಯೇ? ಬರೆದಿಲ್ಲವಾದರೆ ಬರೆಯಲು ಒಂದೇ ಸಾಲು ಸಾಕು. ಹೆಸರು ಕರೆದರೆ ಈ ಸಲ ಎದ್ದು ನಿಲ್ಲುತ್ತೇನೆ.

ಉತ್ತರವನ್ನು ದಯವಿಟ್ಟು ಫೋನಿಗೆ ಕಳಿಸಬೇಡಿ, ಅದು ಬಂದ್ ಇರುತ್ತದೆ. ಸೋಮವಾರ ಬಾಗಿಲಿಗೆ ಬೀಗ ಇಲ್ಲದಿದ್ದರೆ ಉತ್ತರ ಬಂತೆಂದು ತಿಳಿದು ಒಳಗೆ ಹೋಗುತ್ತೇವೆ.

ಇಂತಿ ನಿಮ್ಮ ದಾಖಲೆಯಲ್ಲಿ ಎಂಟು ಮಂದಿಯಾಗಿಯೂ ಒಬ್ಬಳಾಗಿರದ,
ಮಾನಮ್ಮ