ಎರಡು ರಾಕೆಟ್, ಒಂದು ದಾರ

ರೀ,

ಅಕ್ಕನ ಮನೆ ತಲುಪಿದೆ. ನಾವಿಬ್ಬರೂ ಸೇರಿ ಬರೆದ ಭೌತಶಾಸ್ತ್ರ ಪುಸ್ತಕದ ಕರಡನ್ನು ಬಸ್ಸಿನಲ್ಲಿ ಓದಿದೆ. ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಓಡುವ ವಸ್ತು "ಉದ್ದದಲ್ಲಿ ಕುಗ್ಗುತ್ತದೆ" ಅಂತ ನಾನು ಬರೆದದ್ದನ್ನು, "ಕುಗ್ಗುವುದು ಬರೀ ಭ್ರಮೆ" ಅಂತ ತಿದ್ದಿದ್ದೀರಿ. ನನ್ನನ್ನು ಒಂದು ಮಾತೂ ಕೇಳದೆ!

ಒಂದರ ಹಿಂದೊಂದು ನಿಂತ ಎರಡು ರಾಕೆಟ್‌ಗಳ ನಡುವೆ ಬಿಗಿಯಾಗಿ ದಾರ ಕಟ್ಟಿ. ಎರಡೂ ಒಟ್ಟಿಗೆ ಹೊರಟು ಒಂದೇ ರೀತಿ ವೇಗ ಹೆಚ್ಚಿಸಿಕೊಳ್ಳಲಿ. ನೆಲದ ಮೇಲೆ ನಿಂತವರಿಗೆ ಅವುಗಳ ನಡುವಿನ ಅಂತರ ಬದಲಾಗುವುದೇ ಇಲ್ಲ. ಆದರೆ ವೇಗ ಹೆಚ್ಚಿದಂತೆ ದಾರ ಕುಗ್ಗಬೇಕು, ಅಂತರ ಕಾಯ್ದುಕೊಂಡ ರಾಕೆಟ್‌ಗಳು ಕುಗ್ಗಲು ಬಿಡುವುದಿಲ್ಲ. ಕೊನೆಗೆ ಪಟ್ಟಂತ ತುಂಡಾಗುತ್ತದೆ. ಬರೀ ಭ್ರಮೆಯಿಂದ ದಾರ ತುಂಡಾಗುತ್ತದೇನ್ರೀ?

ನಿಮ್ಮ ಕಪಾಟಿಗೆ ಜಾಗ ಬೇಕೆಂದು ನನ್ನ ಮೇಜನ್ನು ಕಿಟಕಿ ಪಕ್ಕದಿಂದ ಅಡುಗೆಮನೆ ಬಾಗಿಲ ಹಿಂದಕ್ಕೆ ತಳ್ಳಿದಾಗಲೂ, "ಇಕ್ಕಟ್ಟು ಅಂತ ನಿನಗೆ ಅನ್ನಿಸುತ್ತೆ ಅಷ್ಟೇ" ಅಂದಿರಿ. ಬಾಗಿಲು ತೆಗೆದಾಗಲೆಲ್ಲ ನನ್ನ ಮೊಣಕೈಗೆ ಬಡಿಯುತ್ತಿತ್ತು. ಅದೂ ಭ್ರಮೆಯೇ?

ನನ್ನ ವಾಕ್ಯ ಮೊದಲಿನಂತೆ ಇರಲಿ. ಮೇಜು ಕಿಟಕಿ ಹತ್ತಿರ ಹೋಗಲಿ. ಆಮೇಲೆ ಬರುತ್ತೇನೆ. ಅಲ್ಲಿಯವರೆಗೆ "ನಮ್ಮಿಬ್ಬರ ನಡುವೆ ಏನೂ ಬದಲಾಗಿಲ್ಲವಲ್ಲ" ಅಂತ ಫೋನ್ ಮಾಡಬೇಡಿ. ನೆಲದ ಮೇಲೆ ನಿಂತವರೂ ಅದನ್ನೇ ಹೇಳುತ್ತಿರುತ್ತಾರೆ, ದಾರ ತುಂಡಾಗುವವರೆಗೆ.

ಇಂತಿ,
ಅರ್ಧ ಪುಸ್ತಕ ಬರೆದವಳು