ಅಂಟಿನೊಳಗೆ ಸಿಕ್ಕ ಜೋಡಿ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

ಗಿಟಾರಿನ ದನಿಯನ್ನು ಗುರುಗುಟ್ಟಿಸಲು ನೀನು ಮಾಡಿ ಮಾರುವ ಫಝ್ ಪೆಡಲಿನ ಹೊಟ್ಟೆಯೊಳಗೆ ಕಪ್ಪು ಅಂಟು ಸುರಿದದ್ದು ಅನ್ಯಾಯ. ಕ್ಷೇಮಸಮಾಚಾರಕ್ಕೂ ಮೊದಲು ಇದನ್ನೇ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಧೈರ್ಯ ಜಾರಿಹೋಗುತ್ತದೆ. ಮಗಳು ಹುಟ್ಟಿದ್ದಾಳೆಂದು ನೀನು ಬರೆದು ಎಷ್ಟೋ ದಿನವಾಯಿತು. ಉತ್ತರಿಸದೆ ಕುಳಿತದ್ದಕ್ಕೆ ಕ್ಷಮಿಸು. ಮಗು ಯಾರ ಮೂಗು ಹೊತ್ತು ಬಂದಿದೆ ಎಂದು ಅಮ್ಮನಿಗೆ ಒಂದೇ ಚಿಂತೆ. ಅತ್ತಿಗೆ ಸುಧಾರಿಸಿಕೊಂಡರೆ? ಅಪ್ಪ ಹೋದ ಮೇಲೂ ರೇಡಿಯೋ ರಿಪೇರಿ ಅಂಗಡಿಯ ಬಾಗಿಲು ಮುಚ್ಚಿಲ್ಲ, ನಾನೇ ಕೂರುತ್ತೇನೆ.

ಮೊನ್ನೆ ಒಬ್ಬ ಗಿಟಾರ್ ವಾದಕ ಬಂದಿದ್ದ. ಅವನ ಪೆಡಲ್ ಮನೆಯಲ್ಲಿ ಚೆನ್ನಾಗಿ ಗುರುಗುಟ್ಟುತ್ತದಂತೆ, ವೇದಿಕೆಯ ದೀಪಗಳ ಕೆಳಗೆ ಮಾತ್ರ ಗಂಟಲು ಕಟ್ಟಿ ಕೆಮ್ಮುತ್ತದಂತೆ. "ಮೇಡಂ, ಇದಕ್ಕೆ ಜನ ಕಂಡ್ರೆ ನಾಚಿಕೆ" ಅಂದ. ಡಬ್ಬಿಯ ಮೇಲೆ ನಿನ್ನ ಕೈಬರಹ ಕಂಡು ನನಗಾದ ಸಂತೋಷ ಏನು ಹೇಳಲಿ. ತಳದ ತಗಡು ಬಿಚ್ಚಿದೆ. ಟ್ರಾನ್ಸಿಸ್ಟರುಗಳೂ ಕಾಣಲಿಲ್ಲ, ಅವುಗಳ ವೋಲ್ಟನ್ನು, ಅಂದರೆ ಬಯಾಸನ್ನು, ಹೊಂದಿಸುವ ತಿರುಪೂ ಕಾಣಲಿಲ್ಲ. ಡಾಂಬರು ಹಾಕಿದ ರಸ್ತೆಯ ಹಾಗೆ ಅಂಟು.

ಜರ್ಮೇನಿಯಂ ಟ್ರಾನ್ಸಿಸ್ಟರು ಬಿಸಿಗೆ ಎಂಥ ಸೂಕ್ಷ್ಮದ್ದೆಂದು ನಿನಗೆ ನಾನು ಹೇಳಬೇಕೆ? ಹಳೆಯ ರೇಡಿಯೋಗಳಿಂದ ಕಿತ್ತ ಟ್ರಾನ್ಸಿಸ್ಟರುಗಳ ರಾಶಿ ಮುಂದಿಟ್ಟುಕೊಂಡು ಅಪ್ಪ, ನೀನು, ನಾನು ಕೂರುತ್ತಿದ್ದೆವು. ನೀನು ಆತುರಗಾರ. ಬರಿಗೈಯಲ್ಲಿ ಹಿಡಿದು ಮೀಟರಿಗೆ ಸಿಕ್ಕಿಸಿ, ಅಂಕಿ ಏರಿದ ಕೂಡಲೇ ಕುಣಿಯುತ್ತಿದ್ದೆ. ಅಪ್ಪ ನಗುತ್ತಿದ್ದರು. "ಬೆರಳ ಬಿಸಿಗೇ ಉಬ್ಬಿದೆ ಕಣೋ, ಹೊಗಳಿಸಿಕೊಂಡ ಅಳಿಯನ ಹಾಗೆ. ಕೆಳಗಿಡು, ತಣ್ಣಗಾಗ್ಲಿ. ಕರೆಂಟಿನ ಸೋರಿಕೆ ಎಷ್ಟಿದೆ ನೋಡಿ ಅದನ್ನ ಕಳಿ. ಉಳಿದದ್ದೇ ಅದರ ನಿಜವಾದ ದುಡಿಮೆ." ಹೀಗೆ ಆರಿಸಿದ ಜೋಡಿಯಲ್ಲಿ ಕಡಿಮೆ ಬಲದ್ದು ಮುಂದೆ, ಹೆಚ್ಚಿನದು ಹಿಂದೆ. ಎರಡನೆಯದರ ಮೇಲೆ ಬ್ಯಾಟರಿಯ ಅರ್ಧದಷ್ಟು ವೋಲ್ಟ್ ನಿಲ್ಲುವ ತನಕ ನಾನು ತಿರುಪು ತಿರುಗಿಸುತ್ತಿದ್ದೆ, ನೀನು ತಂತಿ ಮೀಟುತ್ತಿದ್ದೆ, ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು.

ನೀನು ತಂಪು ಕೋಣೆಯಲ್ಲಿ ಬಯಾಸ್ ಹೊಂದಿಸಿ ಅದರ ಮೇಲೇ ಅಂಟು ಸುರಿದಿದ್ದೀಯ. ವೇದಿಕೆಯ ದೀಪಗಳ ಸೆಖೆಯಲ್ಲಿ ತಿರುಪನ್ನು ಕೊಂಚ ಹಿಂದಕ್ಕೆ ತಿರುಗಿಸಿದ್ದರೆ ಸಾಕಿತ್ತು, ಆ ದಾರಿಯನ್ನೂ ಮುಚ್ಚಿದೆ. ಅಂಟು ಗಟ್ಟಿಯಾಗುವಾಗ ತಾನೇ ಬಿಸಿಯೇರುತ್ತದೆ ಎಂಬುದೂ ಹೊಳೆಯಲಿಲ್ಲವೆ? ಯಾರೂ ನಕಲು ಮಾಡಬಾರದೆಂದು ತಾನೆ ಇಷ್ಟೆಲ್ಲ! ಅಪ್ಪ ಕೇಳಿದವರಿಗೆಲ್ಲ ಈ ಸರ್ಕಿಟ್ ಬರೆದುಕೊಟ್ಟವರು. ಅದನ್ನು ಕರಪತ್ರ ಮಾಡಿ ಬೀದಿ ಬೀದಿಗೆ ಹಂಚೋಣ ಎಂದು ನಾನು ಅಂದಾಗ ನೀನೂ ಹೂಂ ಅಂದಿದ್ದೆ. ಹತ್ತು ಜನರಿಂದ ಕಲಿತದ್ದನ್ನು ಹನ್ನೊಂದನೆಯವನಿಂದ ಬಚ್ಚಿಡುವುದು ಕಳ್ಳತನ. ಈ ಇಣಚಿ ತಂಗಿ ಮತ್ತೆ ಭಾಷಣ ಶುರು ಮಾಡಿದಳು ಅಂತ ನಗಬೇಡ. ಈ ಸಲ ಭಾಷಣ ಅರ್ಧಕ್ಕೇ ನಿಂತು ಅಳು ಬರುತ್ತಿದೆ.

ಏಕೆಂದರೆ ಒಳಗಿರುವುದು ಅಪ್ಪ ಕೊನೆಯದಾಗಿ ಆರಿಸಿಟ್ಟ ಜೋಡಿ. ಅಂದು ಸಂಜೆ ತಂಪಾದ ಮೇಲೆ ತಂತಿ ಮೀಟಿ ನೋಡಿದೆ. ಆ ಜೋಡಿಯಲ್ಲಿ ಮಾತ್ರ ಸ್ವರ ಸಣ್ಣಗಾಗುತ್ತ ಹೋಗಿ ಕೊನೆಗೆ ಬಿಕ್ಕಿದಂತೆ ಆಗುತ್ತದಲ್ಲ, ಅದೇ. ಇನ್ನೂ ಜೀವವಿದೆ. ಆದರೆ ಅಂಟು ಮೆತ್ತಗಾಗಬೇಕಾದರೆ ಕಾಯಿಸಬೇಕು, ಕಾಯಿಸಿದರೆ ಆ ಜೋಡಿ ಉಳಿಯುವುದು ಅನುಮಾನ. ಸೂಜಿ ಹಿಡಿದು ಕೆರೆಯೋಣವೆಂದರೆ ತಿರುಪು ಯಾವ ಮೂಲೆಯಲ್ಲಿದೆ ಎಂದು ಗೊತ್ತಿರುವುದು ನಿನಗೊಬ್ಬನಿಗೇ.

ಅತ್ತಿಗೆಗೆ ನನ್ನ ನಮಸ್ಕಾರ. ಮಗುವಿಗೆ ಈ ಅತ್ತೆಯ ಮುತ್ತು. ಅದು ನೂರು ಕಾಲ ಬಾಳಲಿ, ಹಟಮಾರಿಯಾಗಿಯೇ ಬಾಳಲಿ.

ನಿನ್ನ ತಂಗಿ,
ಇಣಚಿ

ಬರೆಯಬಾರದು ಅಂದುಕೊಂಡಿದ್ದೆ, ಆದರೂ ಬರೆಯುತ್ತೇನೆ. ಇದನ್ನೆಲ್ಲ ಯಾರು ಕಲಿಸಿದರು ಎಂದು ಆ ವಾದಕ ನಿನ್ನನ್ನು ಕೇಳಿದ್ದನಂತೆ. "ಅಪ್ಪ ಕಲಿಸಿದ್ದು. ಅಪ್ಪನಿಗೆ ನಾನೊಬ್ಬನೇ" ಅಂದೆಯಂತೆ. ಅಂಟಿಗಾದರೂ ನಕಲಿನ ಭಯ ಎಂಬ ಕಾರಣವಿದೆ ಅಣ್ಣ, ಇದಕ್ಕೆ ಏನಿದೆ? ನನ್ನ ಮುಖ ನೋಡಿ ಅವನು "ನಿಮಗೆ ಅವರ ಪರಿಚಯ ಇದೆಯಾ?" ಅಂದ. ನಾನೂ ಇಲ್ಲ ಅಂದುಬಿಟ್ಟೆ. ಪೆಡಲ್ ಒಯ್ಯಲು ಅವನು ಮತ್ತೆ ಬರುತ್ತಾನೆ. ನೀನೂ ಬಾ. ಅಂಟು ಬಿಟ್ಟರೂ ಬಿಡದಿದ್ದರೂ, ನಾನು ಯಾರು ಎಂದು ಅವನ ಎದುರಿಗೆ ಬಾಯಿಬಿಟ್ಟು ಹೇಳು. ಶನಿವಾರ ಸಂಜೆ ಐದು ಗಂಟೆಗೆ, ಅಂಗಡಿಯಲ್ಲಿ.