ಟಾರ್ಚಿಗೆ ಸಿಗದ ಸಂದು

ಮಾರ್ಚ್ ೧೪, ಶುಕ್ರವಾರ

ನಿದ್ದೆ ಬರುವ ಹಾಗಿಲ್ಲ. ನಾನೊಬ್ಬಳೇ ಮುಗಿಸಿದ ಮೊದಲ ಗೋಡೆಯನ್ನು ಅಕ್ಕ ಇವತ್ತು ನೋಡಿದಳು. ಎರಡು ಜಿಪ್ಸಂ ಹಲಗೆ ಸೇರುವಲ್ಲಿ ಗೆರೆ ಕಂಡರೆ ನಾನು ಮತ್ತೆ ಅವಳ ಗೋಡೆ-ಸೀಲಿಂಗ್ ಗುತ್ತಿಗೆಯ ಆಫೀಸಿನಲ್ಲಿ ಫೋನ್ ಎತ್ತುತ್ತಾ ಕೂರಬೇಕು ಎಂದು ಮೊದಲೇ ಮಾತಾಗಿತ್ತು.

ಅವಳು ಬಣ್ಣವನ್ನು ನೋಡಲೇ ಇಲ್ಲ. ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಒತ್ತಿ ಅಡ್ಡಲಾಗಿ ಹಿಡಿದಳು. ಆ ಅಡ್ಡ ಬೆಳಕಿಗೆ ಕೂದಲೆಳೆಯಷ್ಟು ಉಬ್ಬಿದ್ದರೂ ನೆರಳು ಬೀಳುತ್ತದೆ. ಆಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸಿದಳು.

“ಸಂದು ಎಲ್ಲೇ ಹೋಯ್ತು?”

“ನೀನೇ ಹುಡುಕು.”

“ಪದ್ಯದ ಪುಸ್ತಕ ಹಿಡಿಯೋ ಕೈಗೆ ಪುಟ್ಟಿ ಬರಲ್ಲ ಅಂತ ನಾನೇ ಅಂದಿದ್ದೆ. ಹೋಗ್ಲಿ, ನಾಳೆ ಸೀಲಿಂಗೂ ನಿಂದೇ.”

ಸಂದು ಮುಚ್ಚಲು ಪದರದ ಮೇಲೆ ಪದರ ಪುಟ್ಟಿ ಎಳೆದು ಉಜ್ಜಿದವಳು ನಾನೇ. ನನಗೂ ಆ ಸಂದು ಸಿಗಲಿಲ್ಲ! ಇಷ್ಟು ದುಡಿದು, ದುಡಿದ ಗುರುತೇ ಉಳಿಯದಿರುವುದು ಎಂಥ ಸುಖ!

ಸುಮ್ಮನಿರಲಾರದೆ ಈಗ ನನ್ನ ಕೋಣೆಯ ಗೋಡೆಗೂ ಟಾರ್ಚ್ ಹಿಡಿದೆ. ಕಿಟಕಿಯ ಪಕ್ಕದಲ್ಲಿ ಉದ್ದಕ್ಕೆ ಸಂದಿನ ಒಂದು ಗೆರೆ. ಅಕ್ಕನೇ ಕೈಯಾರೆ ಮಾಡಿಕೊಟ್ಟ ಗೋಡೆ! ಹೇಳಿದರೆ ಸೀಲಿಂಗ್ ಕೈತಪ್ಪೀತು, ಹೇಳದಿದ್ದರೆ ನನ್ನ ಹೊಟ್ಟೆ ಒಡೆದೀತು. ಹೇಳಿಯೇ ಬಿಡುತ್ತೇನೆ. ಮೊದಲು ಸೀಲಿಂಗ್ ಮುಗಿಯಲಿ.